ಗೇಟು ನೋಡದೆ ನೀರಿಗಿಳಿಯದ ಕಾಳಯ್ಯ

ಕಾಳಯ್ಯನಿಗೆ ಈಗ ಐವತ್ತಾರು. ನೀರಿಗೆ ಬಿದ್ದದ್ದನ್ನು ಮೇಲಕ್ಕೆ ತರುವುದು ಅವನ ಕಸುಬು. ಬಾವಿಗೆ ಬಿದ್ದ ಮೋಟಾರು, ಕೆರೆಗೆ ಬಿದ್ದ ಎಮ್ಮೆ, ನಾಲೆಗೆ ಉರುಳಿದ ಟ್ರ್ಯಾಕ್ಟರು, ತಾನಾಗಿ ಹೋಗಿ ಹಾರಿಕೊಂಡ ಮನುಷ್ಯ, ಯಾವುದಾದರೂ ಸರಿ. ಚನ್ನರಾಯಪಟ್ಟಣದಿಂದ ಹಿಡಿದು ಹೊಳೆನರಸೀಪುರ, ಅರಕಲಗೂಡು, ಅತ್ತ ಹಾಸನದ ಕಟ್ಟಾಯದವರೆಗೂ ಯಾರಾದರೂ ಮುಳುಗಿದರೆ ಮೊದಲು ಫೋನು ಹೋಗುವುದು ಅವನಿಗೆ. ಎಲ್ಲರ ಮೊಬೈಲಿನಲ್ಲೂ ಅವನ ಹೆಸರು "ಮುಳುಗೋ ಕಾಳ" ಎಂದೇ ಇದೆ. ಮೂವತ್ತೇಳು ವರ್ಷ ಊರೂರಿನ ಹೆಣ ಹೆಗಲ ಮೇಲೆ ಹೊತ್ತವನ ಹೆಸರಿಗೆ ಒಂದು "ಅಯ್ಯ" ಸೇರಿಸಲು ಯಾವ ಪುಣ್ಯಾತ್ಮನ ಬೆರಳಿಗೂ ಪುರುಸೊತ್ತಾಗಿಲ್ಲ.

ಅವನ ಊರು ದಂಡಿಗನಹಳ್ಳಿ ಹೋಬಳಿಯ ಕಲ್ತೂಬಿನಹಳ್ಳಿ. ಹೇಮಾವತಿ ನಾಲೆಯಿಂದ ಒಡೆದ ಕವಲು ನಾಲೆಯೊಂದು ಊರಿನ ಮಗ್ಗುಲಲ್ಲೇ ಹರಿಯುತ್ತದೆ. ಮೇಲುಗಡೆ ಗೌಡರ ಮನೆಗಳು. ಕೆಳಗಡೆ, ಏರಿ ಒಡೆದರೆ ಮೊದಲು ಮುಳುಗುವ ಕಡೆ, ಕಾಳಯ್ಯನ ಕೇರಿ. ಈ ಊರಿನ ನ್ಯಾಯ ಎಂಥದು ಕೇಳಿ. ಹಿಂದೆ ಮೇಲುಗಡೆಯ ಗೌಡರ ಮನೆಯ ಜಯಲಕ್ಷ್ಮಮ್ಮನವರ ತೋಟದ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳಲು ಕಾಳಯ್ಯನ ಹೆಂಡತಿ ಮರಿಯಮ್ಮ ಹೋದರೆ ನೀರು ಮೈಲಿಗೆಯಾಗುತ್ತಿತ್ತು. ಅದೇ ಬಾವಿಗೆ ಮೋಟಾರು ಬಿದ್ದರೆ ಮರಿಯಮ್ಮನ ಗಂಡ ನೆತ್ತಿವರೆಗೂ ಮುಳುಗಿ ಏಳಬಹುದು, ಆಗ ಏನೂ ಆಗುತ್ತಿರಲಿಲ್ಲ. ಆಹಾ, ಎಂಥ ಮಡಿ ಸ್ವಾಮಿ ಅದು, ಐದು ಹಾರ್ಸ್‌ಪವರ್ ಮೋಟಾರಿನ ಮುಂದೆ ಬಾಲ ಮುದುರಿಕೊಂಡು ಕೂರುವ ಮಡಿ!

ಒಂದು ಸಲ ಹಾಗೆ ಮೋಟಾರು ಎತ್ತಿಕೊಟ್ಟು ಬಂದ ಮೇಲೆ ಬಾವಿಗೆ ಗಂಜಲ ಚಿಮುಕಿಸಿದ ಸುದ್ದಿ ಕಾಳಯ್ಯನ ಕಿವಿಗೆ ಬಿತ್ತು. ಆರು ತಿಂಗಳಿಗೆ ಹಗ್ಗ ಹರಿದು ಮೋಟಾರು ಮತ್ತೆ ಬಿತ್ತು, ಹೇಳಿಕಳಿಸಿದರು. ಕಾಳಯ್ಯ ಹೋದ, ಬಾವಿಯ ಕಟ್ಟೆಯ ಮೇಲೆ ಕೂತ, ಬೀಡಿ ಹಚ್ಚಿದ.

"ಇಳಿಯಲ್ವೇನ್ಲಾ?" ಎಂದರು ಜಯಲಕ್ಷ್ಮಮ್ಮ.

"ಇಳೀಬೋದಿತ್ತು ಕಣವ್ವಾ. ಗಂಜ್ಲ ಆಕಿ ಮಡಿ ಮಾಡ್ಸಿದ್ರಂತೆ. ಅಷ್ಟ್ ಕಷ್ಟ ಪಟ್ಟಿವ್ರೆ, ನಾನ್ ಬಿದ್ದು ಯಾಕ್ ಕೆಡ್ಸನಾ ಅಂತ ಯೋಚ್ನೆ ಮಾಡ್ತಾ ಇವ್ನಿ."

ಬೀಡಿ ಮುಗಿಸಿ ಎದ್ದು ಹೋದ. ಮೂರು ದಿನ ತೆಂಗಿನ ಸಸಿಗಳು ಜೋತು ಬಿದ್ದವು. ನಾಲ್ಕನೆಯ ದಿನ ಜಯಲಕ್ಷ್ಮಮ್ಮನವರೇ ಸೆರಗು ಹೊದ್ದು ಕೇರಿಯೊಳಕ್ಕೆ ಬಂದು ಅವನ ಬಾಗಿಲಲ್ಲಿ ನಿಂತು ಕರೆದರು. ಆಮೇಲೆ ಆ ಬಾವಿಗೆ ಯಾರೂ ಗಂಜಲ ಹಾಕಲಿಲ್ಲ.

ಇಂಥ ಕಾಳಯ್ಯನಿಗೆ ಒಂದು ನೇಮವಿತ್ತು. ನಾಲೆಗೆ ಇಳಿಯುವುದಾದರೆ ಮೊದಲು ಸೈಕಲ್ ತುಳಿದುಕೊಂಡು ಒಂದು ಮೈಲಿ ಮೇಲಿರುವ ಗೇಟಿನ ಹತ್ತಿರ ಹೋಗಬೇಕು. ಗೇಟು ತಳಕ್ಕೆ ಕೂತಿದೆಯೇ ಎಂದು ತನ್ನ ಕಣ್ಣಲ್ಲೇ ನೋಡಬೇಕು. ಹೆಗಲ ಮೇಲಿನ ಕೆಂಪು ಟವೆಲ್ಲನ್ನು ಗೇಟಿನ ಚಕ್ರಕ್ಕೆ ಬಿಗಿದು ಕಟ್ಟಬೇಕು. ಯಾರಾದರೂ ಗೇಟು ಎತ್ತಲು ಬಂದರೆ ಮೊದಲು ಆ ಗಂಟು ಬಿಚ್ಚಬೇಕಲ್ಲ, ಬಿಚ್ಚುವಾಗಲಾದರೂ ಒಳಗೆ ಒಬ್ಬ ಇದ್ದಾನೆಂದು ನೆನಪಾಗಲಿ ಎಂದು. ಇಷ್ಟಾದ ಮೇಲೆ ವಾಪಸ್ಸು ಬಂದು ಇಳಿಯುತ್ತಿದ್ದ. ಅವಸರದಲ್ಲಿದ್ದವರು ಇದಕ್ಕೆ "ಕಾಳನ ಗೇಟು ಪೂಜೆ" ಎಂದು ಹೆಸರಿಟ್ಟು ನಗುತ್ತಿದ್ದರು. ದಂಡೆಯ ಮೇಲೆ ನಿಂತು ನಗುವುದಕ್ಕೇನು ಸ್ವಾಮಿ, ಪ್ಯಾಂಟಿನ ಅಂಚೂ ನೆನೆಯುವುದಿಲ್ಲ.

ಈ ನೇಮ ಬಂದದ್ದು ಅವನ ಅಪ್ಪ ಶಿವಯ್ಯನಿಂದ. ಶಿವಯ್ಯನೂ ಇದೇ ಕಸುಬಿನವನು. ನಾಲೆ ಆಗ ಹೊಸದು. ರಸ್ತೆಯ ಅಡಿಯಲ್ಲಿ ನಾಲೆ ಹಾಯುವ ಕೊಳವೆಗೆ ಮರದ ಬೊಡ್ಡೆಯೊಂದು ಸಿಕ್ಕಿಕೊಂಡಿತ್ತು. "ಗೇಟು ಹಾಕೈತೆ, ಇಳಿ" ಎಂದರು. ಯಾರು ಅಂದರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಎಲ್ಲರೂ ಇನ್ನೊಬ್ಬರು ಅಂದರೆಂದು ಅಂದರು. ಶಿವಯ್ಯ ದೊಡ್ಡವರ ಮಾತು ನಂಬಿ ಇಳಿದ. ಗೇಟು ಒಂದು ಗೇಣು ಮೇಲಿತ್ತು. ಯಾರದೋ ಗದ್ದೆಗೆ ಕದ್ದು ನೀರು ಬಿಟ್ಟುಕೊಂಡಿದ್ದರಂತೆ. ಆ ಒಂದು ಗೇಣಿನ ನೀರು ಶಿವಯ್ಯನನ್ನು ಕೊಳವೆಯೊಳಕ್ಕೆ ಎಳೆದುಕೊಂಡಿತು. ಹೆಣ ತೆಗೆಯುವವನೇ ಹೆಣವಾದ ಮೇಲೆ ತೆಗೆಯುವವರು ಯಾರು? ಹತ್ತೊಂಬತ್ತು ವರ್ಷದ ಕಾಳಯ್ಯ ಗೇಟಿನವರೆಗೂ ಓಡಿಹೋಗಿ, ಹ್ಯಾಂಡಲ್ ತಿರುಗಿಸಿ ತಾನೇ ಇಳಿಸಿ, ಟವೆಲ್ಲು ಕಟ್ಟಿ, ಓಡಿ ಬಂದು ಮುಳುಗಿದ. ಅವನು ನೀರಿನಿಂದ ತಂದ ಮೊದಲ ಹೆಣ ಅಪ್ಪನದು. ಅಂದಿನಿಂದ ಅವನು ಯಾರ ಬಾಯಿಂದ ಬಂದ "ಗೇಟು ಹಾಕೈತೆ"ಯನ್ನೂ ನಂಬಿದವನಲ್ಲ.

ಕಾಳಯ್ಯನಿಗೆ ಒಬ್ಬಳೇ ಮಗಳು, ನೇತ್ರಾವತಿ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿದ್ದಾಳೆ, ಅದೂ ತರಗತಿಗೆ ಒಬ್ಬಳೇ ಹುಡುಗಿಯಾಗಿ. ಕೇರಿಯ ಅರ್ಧ ಮನೆಗಳ ವೈರಿಂಗು ಅವಳದೇ. ಮೇಲುಗಡೆಯವರ ಮನೆಯಲ್ಲಿ ಕರೆಂಟು ಹೋದರೆ ಮಾತ್ರ, "ಎಣ್ಣುಡ್ಗಿ ಏನ್ ನೋಡಾಳು" ಎಂದು ಚನ್ನರಾಯಪಟ್ಟಣದಿಂದ ಗಂಡಸೊಬ್ಬನನ್ನು ಕರೆಸುತ್ತಿದ್ದರು. ಆ ಗಂಡಸು ಬರುವುದಕ್ಕೆ ಎರಡು ದಿನ, ಅಷ್ಟರವರೆಗೆ ಕತ್ತಲಲ್ಲಿ ಕೂತು ತಮ್ಮ ಘನತೆ ಕಾಪಾಡಿಕೊಳ್ಳುತ್ತಿದ್ದರು. ಮಗಳು ಒಂದು ಕೆಲಸ ಅಂತ ಹಿಡಿದು, ತನ್ನ ಹೆಸರು ಅಚ್ಚಾದ ಒಂದು ಕಾಗದ ಕೈಲಿ ಹಿಡಿದದ್ದನ್ನು ನೋಡಬೇಕು ಎಂಬುದೊಂದೇ ಕಾಳಯ್ಯನ ಆಸೆ. ತಾನು ನೀರಿನಿಂದ ಎತ್ತದ ವಸ್ತು ಅದೊಂದೇ ಎಂದು ಮರಿಯಮ್ಮನ ಹತ್ತಿರ ಆಗಾಗ ಹೇಳುತ್ತಿದ್ದ.

ಹೀಗಿರುವಾಗ ಊರಿಗೆ ಕಡಲ ಯಂತ್ರ ಬಂತು.

ನಗಬೇಡಿ, ಕಡಲ ಯಂತ್ರವೇ. ಸಮುದ್ರದ ಅಡಿಯಲ್ಲಿ ಕೂರಿಸಿದರೆ ಉಬ್ಬರವಿಳಿತದ ಸೆಳೆತಕ್ಕೆ ರೆಕ್ಕೆ ತಿರುಗಿ ಕರೆಂಟು ಮಾಡುವ ಯಂತ್ರ. ಒಂದು ಕಂಪನಿಯವರು ಅದನ್ನು ಮಾಡಿಕೊಂಡು ಕರಾವಳಿಗೆ ಹೋದರಂತೆ. ಅಲ್ಲಿನ ಮೀನುಗಾರರು "ನಮ್ಮ ಬಲೆ ಹರಿದರೆ ಯಾರು ಹೊಣೆ" ಎಂದು ಕೇಳಿದರಂತೆ. ಇವರ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದವರು ಪ್ರಶ್ನೆ ಕೇಳದವರ ಊರು ಹುಡುಕಿಕೊಂಡು ಬರುತ್ತಾರೆ, ಬಂದರು. ಮೊದಲು ನಾಲೆಯಲ್ಲಿ ತಿರುಗಿಸಿ ತೋರಿಸುವುದು, ಆಮೇಲೆ ಕಡಲಿಗೆ ಒಯ್ಯುವುದು ಎಂದು ತೀರ್ಮಾನವಾಯಿತು. ಕಂಟ್ರಾಕ್ಟು ಹಿಡಿದವನು ಜಯಲಕ್ಷ್ಮಮ್ಮನವರ ಮಗ ಅನಿಲ್‌ಕುಮಾರ್. ಹಿಡಿಯದೆ ಇರುತ್ತಾನೆಯೇ? ಊರಿಗೆ ಬರುವ ಚರಂಡಿಯಿಂದ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಎಲ್ಲವೂ ಅವನ ಕೈ ಮೇಲೆಯೇ ಬಂದು, ಅವನ ಕೈಯಲ್ಲೇ ಅರ್ಧ ಉಳಿಯುತ್ತಿದ್ದವು.

ಕಂಪನಿಯ ಕಡೆಯಿಂದ ಬಂದ ಇಂಜಿನಿಯರು ನಿಸರ್ಗ ಎಂಬ ಹಾಸನದ ಹುಡುಗಿ. ಒಳ್ಳೆಯವಳು, ಆದರೆ ಅವಳ ಕೈಗೆ ಕೊಟ್ಟಿದ್ದ ಫಾರಮ್ಮುಗಳು ಸಮುದ್ರದವು. ಪಂಚಾಯ್ತಿ ಕಟ್ಟೆಯಲ್ಲಿ ಕೂತು ಅವಳು, "ನಿಮ್ಮ ಸಮುದಾಯದಲ್ಲಿ ಒಟ್ಟು ಎಷ್ಟು ದೋಣಿ ಇವೆ?" ಎಂದು ನಾಚಿಕೊಂಡೇ ಓದಿದಳು.

"ಎಷ್ಟ್ ಬೇಕು ಬರ್ಕಳಮ್ಮ" ಎಂದ ಅನಿಲ್‌ಕುಮಾರ್. "ಇಪ್ಪತ್ ಅನ್ನು. ಕರಾವಳಿ ಆಗ್ಬೇಕು ಅಂದ್ರೆ ಆಗ್ತೀವಿ, ನಮ್ಗೇನ್ ಕಷ್ಟ!"

ಜನವೆಲ್ಲ ಹೋ ಎಂದು ನಕ್ಕು ಕರಾವಳಿಯವರಾದರು. ನಾಲೆಯ ಏರಿಯ ಮೇಲೆ "ಕರಾವಳಿ ಸಮುದಾಯಕ್ಕೆ ಬೆಳಕು" ಎಂಬ ಬೋರ್ಡು ಎದ್ದು ನಿಂತಿತು. ಬೋರ್ಡಿನಲ್ಲಿ ಬಲೆ ಬೀಸುವ ಬೆಸ್ತರು, ಹಿಂದೆ ನೀಲಿ ಸಮುದ್ರ. ಬೋರ್ಡಿನ ಬುಡದಲ್ಲಿ ಕಾಳಯ್ಯನ ಎರಡು ಮೇಕೆ.

ಯಂತ್ರ ಕೂರಿಸಲು ನೀರೊಳಗೆ ಕೆಲಸ ಗೊತ್ತಿದ್ದವನು ಬೇಕಲ್ಲ, ಕಾಳಯ್ಯನಿಗೇ ಹೇಳಿಕಳಿಸಿದರು. ಅವನು ಒಂದೇ ಮಾತು ಕೇಳಿದ. ಯಂತ್ರ ನೋಡಿಕೊಳ್ಳುವ ಆಪರೇಟರ್ ಕೆಲಸ ಮಗಳಿಗೆ ಸಿಗಬೇಕು. "ಅದಕ್ಕೇನ್ಲಾ, ಅವ್ಳೇ ಆಪರೇಟ್ರು, ಬರ್ದಿಟ್ಕೊ" ಎಂದ ಅನಿಲ್‌ಕುಮಾರ್. ಬರೆದಿಡಲು ಕಾಗದ ಮಾತ್ರ ಕೊಡಲಿಲ್ಲ.

ಕೆಲಸವೇನೋ ಸರಾಗವಾಗಿ ಆಯಿತು. ಗೇಟು ಇಳಿಸಿ, ಟವೆಲ್ಲು ಕಟ್ಟಿ, ಒಣಗಿದ ನಾಲೆಯಲ್ಲಿ ಎರಡೇ ದಿನಕ್ಕೆ ಕಾಳಯ್ಯ ಯಂತ್ರದ ಕಾಲು ಭದ್ರ ಮಾಡಿದ. ಆದರೆ ಕಂಪನಿಗೆ ನೀರೊಳಗಿನ ಫೋಟೋ ಬೇಕಿತ್ತು. ಒಂದಿಷ್ಟು ನೀರು ನಿಲ್ಲಿಸಿ, ಕಾಳಯ್ಯನಿಗೆ ರಬ್ಬರಿನ ಅಂಗಿ ತೊಡಿಸಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಸೊಂಟದ ಮಟ್ಟದ ನೀರಿನಲ್ಲಿ ಮೊಣಕಾಲೂರಿ ಕೂರಿಸಿದರು. "ಒಂದ್ ಗಳ್ಗೆ ಎದ್ ನಿಂತ್ಕಂಡ್ರೆ ಉಸ್ರಾಡ್ಬೋದು, ಇದ್ಯಾಕ್ ಸಾ ಈ ಸಿಲಿಂಡ್ರು?" ಎಂದು ಕೇಳಿದ. ಫೋಟೋದವನು ಮಾತಾಡಬೇಡ, ಗುಳ್ಳೆ ಬರುತ್ತದೆ ಎಂದ.

ಯಂತ್ರದ ಮೇಲುಗಡೆ, ನೀರು ಬರುವ ಕಡೆಗೆ, ಕಸ ತಡೆಯಲು ಒಂದು ಕಬ್ಬಿಣದ ಜಾಲರಿ ಹಾಕಬೇಕೆಂದು ನಿಸರ್ಗ ಬರೆದಿದ್ದಳು. ಜಾಲರಿ ಬಂದದ್ದೂ ನಿಜ. ಉದ್ಘಾಟನೆಗೆ ಎರಡು ದಿನ ಇರುವಾಗ ಅದು ಮಾಯವಾಯಿತು. ವೇದಿಕೆಯ ಎದುರಿಗೇ ಕಸ ನಿಂತರೆ ಮಾನ್ಯರ ಕಣ್ಣಿಗೆ ಅಸಹ್ಯವಾಗುತ್ತದೆ ಎಂದು ಅನಿಲ್‌ಕುಮಾರನ ಸಬೂಬು. ಮಾನ್ಯರು ಎಂದರೆ ಉದ್ಘಾಟನೆಗೆ ಬರಲಿದ್ದ ದೊಡ್ಡ ಮನುಷ್ಯರು. ಜಾಲರಿ ಅವನ ಕೋಳಿ ಗೂಡಿಗೆ ಬಾಗಿಲಾಗಿದ್ದನ್ನು ಊರೆಲ್ಲ ನೋಡಿತ್ತು, ಯಾರೂ ತುಟಿ ಬಿಚ್ಚಲಿಲ್ಲ.

ಇದರ ಮೇಲೆ ಬಾಗಿನ ಬೇರೆ. ನಾಲೆಗೆ ವರ್ಷದ ಹೊಸ ನೀರು ಬಂದಾಗ ಹೆಂಗಸರು ಗಂಗೆಗೆ ಬಾಗಿನ ಬಿಡುವುದುಂಟು: ಮೊರದಲ್ಲಿ ಅಕ್ಕಿ, ಬೆಲ್ಲ, ಬಳೆ, ತೆಂಗಿನಕಾಯಿ, ಒಂದು ರವಿಕೆ ಕಣ. ಈ ಸಲ ಮಾನ್ಯರು ಬರುತ್ತಾರೆಂದು ಐವತ್ತೊಂದು ಮೊರ, ಒಂದೊಂದರಲ್ಲೂ ಒಂದೊಂದು ಸೀರೆ. ಕಾಳಯ್ಯ ನಿಸರ್ಗಳ ಹತ್ತಿರ ಹೋಗಿ, "ತಾಯೀ, ಸೀರೆ ರೆಕ್ಕೆಗೆ ಸುತ್ಕತದೆ. ಬಾಗ್ನ ಯಂತ್ರದಿಂದ ಕೆಳಕ್ಕೆ ಬುಡ್ಸಿ" ಎಂದ. ಅವಳು ಹೋಗಿ ಜಯಲಕ್ಷ್ಮಮ್ಮನವರಿಗೆ ಹೇಳಿದಳು.

"ಏನ್ ಮಾತು ಅಂತ ಆಡ್ತೀಯೇ ಮಗೂ!" ಎಂದರು ಜಯಲಕ್ಷ್ಮಮ್ಮ. "ಯಂತ್ರ ತಿರುವಿ ಉಗುಳಿದ್ ನೀರು ಅಂದ್ರೆ ಎಂಜ್ಲಲ್ವಾ? ಎಂಜ್ಲು ನೀರ್ಗೆ ಬಾಗ್ನ ಬುಟ್ರೆ ಗಂಗಮ್ಮ ಸುಮ್ಕಿರ್ತಾಳಾ? ಮೇಲ್ಗಡೆನೇ ಬುಡದು."

ಎಂಜಲಂತೆ! ಮೇಲಿನ ಹತ್ತು ಊರಿನ ಎಮ್ಮೆ ಮೈ ತೊಳೆದು, ಬಟ್ಟೆ ಒಗೆದು, ಲಾರಿ ತಿಕ್ಕಿ ಬಂದ ನೀರು ಮಡಿ. ರೆಕ್ಕೆ ಮುಟ್ಟಿದ ನೀರು ಎಂಜಲು. ಕಾಳಯ್ಯ ಇದನ್ನು ಕೇಳಿ ಒಂದು ಸಲ ನಕ್ಕು, ಬೀಡಿ ಹಚ್ಚಿದ.

ಉದ್ಘಾಟನೆಯ ದಿನ ಪೆಂಡಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಹೋಳಿಗೆ ಊಟ ಅಂದರೆ ಸುಮ್ಮನೆಯೇ? ವೇದಿಕೆಯ ನಡುವೆ ಕುಂಬಳಕಾಯಿ ಗಾತ್ರದ ಒಂದು ಬಲ್ಬು. ಮಾನ್ಯರು ಗುಂಡಿ ಒತ್ತಿದರು, ನಾಲೆಯೊಳಗೆ ಯಂತ್ರ ತಿರುಗಿತು, ಬಲ್ಬು ಉರಿಯಿತು. ನಿಜವಾಗಿಯೂ ಉರಿಯಿತು. ನಿಸರ್ಗಳ ಕಣ್ಣಲ್ಲಿ ನೀರು ಬಂತು, ಕಾಳಯ್ಯನಿಗೂ ಒಳಗೊಳಗೇ ಖುಷಿಯಾಯಿತು. ಅವನು ಬಿಗಿದ ಬೋಲ್ಟುಗಳಲ್ಲವೇ ಅವು? ಚಪ್ಪಾಳೆ ಇನ್ನೂ ನಿಂತಿರಲಿಲ್ಲ, ಅತ್ತ ಮೇಲುಗಡೆ ವಾದ್ಯದ ಸಮೇತ ಐವತ್ತೊಂದು ಬಾಗಿನ ನೀರಿಗೆ ಬಿದ್ದವು. ಮೊರಗಳು ಗುಂಪಾಗಿ ತೇಲಿ ಬಂದವು, ಯಂತ್ರದ ಹತ್ತಿರ ಒಂದೊಂದಾಗಿ ಮಗುಚಿದವು. ನೀರೊಳಗಿಂದ ಗುರ್ ಎಂದು ಒಂದು ಸದ್ದು ಬಂತು. ಬಲ್ಬು ಎರಡು ಸಲ ಕಣ್ಣು ಹೊಡೆದು ಆರಿಹೋಯಿತು.

ಅನಿಲ್‌ಕುಮಾರ್ ಬೆವರು ಒರೆಸಿಕೊಳ್ಳುತ್ತ ಕಾಳಯ್ಯನ ಹತ್ತಿರ ಓಡಿ ಬಂದ. "ಲೇ ಕಾಳ, ಬೇಗ್ ಇಳೀಲಾ. ಸೀರೆ ಕುಯ್ದಾಕು. ಮಾನ್ಯರು ಭಾಷ್ಣ ಮುಗ್ಸೋದ್ರೊಳ್ಗೆ ಉರೀಬೇಕು."

"ಗೇಟು?"

"ಗೇಟು ಆಕುದ್ರೆ ನೀರೆಲ್ಲಿ ಬತ್ತದೆ, ಬಲ್ಬು ಎಲ್ಲಿ ಉರೀತದೆ? ಅಂಗೇ ಇಳಿ."

"ನಾನ್ ಅಂಗೆ ಇಳಿಯಾಕಿಲ್ಲ. ನಿಮ್ಗೂ ಗೊತ್ತು."

ಅನಿಲ್‌ಕುಮಾರ್ ಹಲ್ಲು ಕಚ್ಚಿದ. ಜೇಬಿನಿಂದ ಫೋನು ತೆಗೆದು ಕಿವಿಗಿಟ್ಟು, "ಲೋ ಸಣ್ಣಯ್ಯ, ಗೇಟು ಹಾಕ್ಲಾ... ಹಾಕ್ದಾ? ಸರಿ ಸರಿ" ಎಂದು ಜೋರಾಗಿ ಮಾತಾಡಿದ. ಫೋನು ಇಳಿಸಿ, "ನೋಡು, ಗೇಟು ಹಾಕೈತೆ, ಇಳಿ" ಎಂದ.

ಗೇಟು ಎತ್ತಿ ಇಳಿಸುವ ಸರ್ಕಾರಿ ನೌಕರ ಸಣ್ಣಯ್ಯ ಆ ಹೊತ್ತಿಗೆ ಅವರಿಂದ ಹತ್ತು ಮಾರು ದೂರದಲ್ಲಿ, ಊಟದ ಪಂಕ್ತಿಯಲ್ಲಿ, ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ.

ಕಾಳಯ್ಯ ಸಣ್ಣಯ್ಯನನ್ನು ನೋಡಿದ, ಅನಿಲ್‌ಕುಮಾರನನ್ನು ನೋಡಿದ. ಮೂವತ್ತೇಳು ವರ್ಷದ ಹಿಂದೆ ಅಪ್ಪನಿಗೆ ಹೇಳಿದ್ದೂ ಇದೇ ಮಾತು, ಅಕ್ಷರ ಕೂಡ ಬದಲಾಗಿರಲಿಲ್ಲ. ಬೈಯಲು ಬಾಯಿ ತೆರೆದ, ಆದರೆ ಬೈಗುಳವೂ ದಂಡವೆನಿಸಿ ಥೂ ಎಂದು ಪಕ್ಕಕ್ಕೆ ಉಗಿದ.

"ಇಳೀಲಿಲ್ಲ ಅಂದ್ರೆ ನಿನ್ ಮಗ್ಳ ಕೆಲ್ಸ ಮರ್ತ್ಬುಡು" ಎಂದ ಅನಿಲ್‌ಕುಮಾರ್.

ಸುತ್ತ ನಿಂತವರು ಶುರುಮಾಡಿದರು. ಏನ್ಲಾ ಕಾಳ, ವಯಸ್ಸಾಯ್ತೇನ್ಲಾ? ಇಷ್ಟುದ್ದ ನಾಲೆಗೆ ಎದ್ರುಕೊಂಡ್ಯಾ? ಇವರಲ್ಲಿ ಒಬ್ಬನಿಗೂ ಈಜು ಬರುತ್ತಿರಲಿಲ್ಲ. ಕಾಳಯ್ಯ ಸೈಕಲ್ ಹತ್ತಿ ಏರಿಯ ಮೇಲೆ ಹೊರಟ. ಓಡಿಹೋದ ಎಂದು ನಕ್ಕರು.

ಅವನು ಗೇಟಿನ ಹತ್ತಿರ ಹೋದ. ಸಣ್ಣಯ್ಯ ಮೋರಿಯ ಸಂದಿಯಲ್ಲಿ ಹ್ಯಾಂಡಲ್ ಬಚ್ಚಿಡುವುದು ಸುತ್ತಲ ನಾಲ್ಕೂರಿಗೂ ಗೊತ್ತಿದ್ದ ಗುಟ್ಟು. ತೆಗೆದು ತಿರುಗಿಸಿ ಗೇಟು ಇಳಿಸಿದ, ತಳಕ್ಕೆ ಕೂತದ್ದನ್ನು ಬಗ್ಗಿ ನೋಡಿದ, ಟವೆಲ್ಲು ಬಿಗಿದ. ನೀರು ಇಳಿಯಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತೂ ಆತುರವಿಲ್ಲದೆ ಅಲ್ಲೇ ಕೂತು ಬೀಡಿಯ ಮೇಲೆ ಬೀಡಿ ಸೇದಿ, ಸೈಕಲ್ಲಿನಲ್ಲಿದ್ದ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸ್ಸು ತುಳಿದ.

ಬಂದು ನೋಡುತ್ತಾನೆ, ವೇದಿಕೆಯ ಮೇಲೆ ಬಲ್ಬು ಧಗಧಗ ಉರಿಯುತ್ತಿದೆ!

ಸೈಕಲ್ ನಿಲ್ಲಿಸುವುದರೊಳಗೆ ಇಬ್ಬರು ಬಂದು ಅವನನ್ನು ರಟ್ಟೆ ಹಿಡಿದು ವೇದಿಕೆಗೆ ಹತ್ತಿಸಿದರು. ಮೈಕಿನಲ್ಲಿ ಮಾನ್ಯರು ಗದ್ಗದರಾಗಿದ್ದರು. "ಪ್ರಾಣದ ಹಂಗು ತೊರೆದು, ಹರಿಯುವ ನೀರಿಗೆ ಧುಮುಕಿ, ಮತ್ತೆ ಬೆಳಕು ತಂದ ಶ್ರೀಸಾಮಾನ್ಯ ನಮ್ಮ ಕಾಳಯ್ಯನವರು!" ಕಾಳಯ್ಯನ ಅಂಗಿ ಗರಿಗರಿ ಒಣಗಿತ್ತು. ಚಡ್ಡಿಯೂ ಒಣಗಿತ್ತು. ತಲೆಗೂದಲಿನ ಮೇಲೆ ಏರಿಯ ಧೂಳು ಕೂತಿತ್ತು. ಆದರೂ ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವ ಕೈಗೆ ಕಣ್ಣಿರಬೇಕೆಂದು ಎಲ್ಲಿ ಬರೆದಿದೆ?

ಅನಿಲ್‌ಕುಮಾರ್ ಶಾಲು ಹೊದಿಸುತ್ತ ಅವನ ಕಿವಿಗೆ ಬಗ್ಗಿದ. "ಸುಮ್ಕೆ ಕೈ ಮುಗ್ದು ಇಳ್ಕೊ. ಮಗ್ಳ ಆರ್ಡ್ರು ತಟ್ಟೇಲಿ ಐತೆ, ನೋಡು."

ಇತ್ತು. ಹಣ್ಣಿನ ತಟ್ಟೆಯಲ್ಲಿ, ಬಾಳೆಹಣ್ಣಿನ ಕೆಳಗೆ, ಮಡಿಸದ ಬಿಳಿ ಕಾಗದ. ನೇತ್ರಾವತಿ ಕೆ. ಎಂದು ಅಚ್ಚಾಗಿತ್ತು. ಕಾಳಯ್ಯನಿಗೆ ಓದಲು ಬರುತ್ತಿದ್ದದ್ದು ಅಷ್ಟಕ್ಕಷ್ಟೇ, ಆ ಹೆಸರನ್ನು ಮಾತ್ರ ತಲೆಕೆಳಗಾಗಿಟ್ಟರೂ ಓದುತ್ತಿದ್ದ. ಬಾಯಿ ಮುಚ್ಚಿಕೊಂಡು ಕೈ ಮುಗಿದರೆ ಆಯಿತು, ಆ ಕಾಗದ ಮಗಳದು. ಅವನು ಕೆಳಗೆ ನಿಂತಿದ್ದ ನೇತ್ರಾವತಿಯನ್ನು ಹುಡುಕಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಬಲ್ಬಿನ ಮೇಲಿತ್ತು, ಬಲ್ಬಿನಿಂದ ವೈರಿನ ಗುಂಟ ಪೆಂಡಾಲಿನ ಕಂಬ ಇಳಿದು, ಶಾಮಿಯಾನದ ಹಿಂದೆ ಗುಡುಗುಡು ಎನ್ನುತ್ತಿದ್ದ ಮೈಕ್‌ಸೆಟ್ಟಿನ ಡೀಸೆಲ್ ಜನರೇಟರಿಗೆ ಹೋಗಿ ನಿಂತಿತು. ಕಾಳಯ್ಯನ ಕಣ್ಣೂ ಅವಳ ಕಣ್ಣಿನ ಹಿಂದೆಯೇ ಹೋಯಿತು.

ಓಹೋ ಎಂದುಕೊಂಡ. ಅಪ್ಪನನ್ನು ಕೊಂದದ್ದು ನೀರಲ್ಲ, ಗೇಟೂ ಅಲ್ಲ. ಅವತ್ತು ದಂಡೆಯ ಮೇಲೆ ನಿಂತಿದ್ದ ಅಷ್ಟೂ ಜನ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು. ಇವತ್ತು ಆ ಸಾಲಿಗೆ ತನ್ನನ್ನೂ ಶಾಲು ಹೊದಿಸಿ ಸೇರಿಸಿಕೊಳ್ಳುತ್ತಿದ್ದಾರೆ.

ಮೈಕಿನ ಮುಂದೆ ಹೋಗಿ ನಿಂತ.

"ಸಾ, ನಾನ್ ನೀರ್ಗೆ ಇಳ್ದೇ ಇಲ್ಲ. ನನ್ ಚಡ್ಡಿ ನೋಡಿ ಬೇಕಾರೆ. ನಾನ್ ಓಗಿ ಗೇಟು ಆಕ್ ಬಂದಿವ್ನಿ. ಎಲ್ರೂ ಒಂದ್ಸಲ ಹಿಂದಕ್ ತಿರುಗಿ ನೋಡ್ರಪ್ಪಾ, ನಾಲೇಲಿ ನೀರೇ ಇಲ್ಲ. ಅಂಗಿದ್ರೂ ಬಲ್ಬು ಉರೀತಾ ಐತಲ್ಲ, ಅದ್ ಯಾವ್ ನೀರಲ್ಲಿ ಅಂತ ಯೋಳ್ಬುಡಿ ಸಾ. ಆ ನೀರು ನಮ್ ಕೇರಿಗೂ ಬೇಕು."

ಪೆಂಡಾಲು ಪೂರ್ತಿ ಹಿಂದಕ್ಕೆ ತಿರುಗಿತು. ನಾಲೆಯ ತಳದಲ್ಲಿ ಕೆಸರು. ಕೆಸರಿನ ನಡುವೆ ಕಡಲ ಯಂತ್ರ, ಮೈತುಂಬ ಸೀರೆ ಸುತ್ತಿಕೊಂಡು, ಮೇಲೊಂದು ಮೊರ ಬೋರಲು ಹಾಕಿಕೊಂಡು ನಿಂತಿತ್ತು. ಯಾರೋ ಕಿಸಕ್ಕೆಂದರು. ಅನಿಲ್‌ಕುಮಾರ್ ದಿಕ್ಕೆಟ್ಟು ಹಿಂದಕ್ಕೆ ಓಡಿ ಜನರೇಟರು ನಿಲ್ಲಿಸಿದ. ಎಂಥ ಬುದ್ಧಿ! ಬಲ್ಬಿನ ಜೊತೆಗೆ ಮೈಕೂ ಸತ್ತಿತು, ಫ್ಯಾನೂ ನಿಂತಿತು. ಮಾನ್ಯರು ಏನೋ ಸಮಜಾಯಿಷಿ ಹೇಳುತ್ತಿದ್ದರು, ಬಾಯಿ ಮಾತ್ರ ಆಡುತ್ತಿತ್ತು. ನೀರಿನ ಮೇಲಿಂದ ಕೂಗಿ ಕೂಗಿ ಪಳಗಿದ ಕಾಳಯ್ಯನ ಗಂಟಲಿಗೆ ಮೈಕು ಬೇಕಿರಲಿಲ್ಲ. "ನಾನ್ ಬತ್ತೀನಿ ಸಾ, ಸೀರೆ ಬಿಡುಸ್ಬೇಕು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಶಾಲನ್ನು ಕುರ್ಚಿಯ ಮೇಲಿಟ್ಟು ಇಳಿದ. ತಟ್ಟೆಯನ್ನು ಮುಟ್ಟಲಿಲ್ಲ.

ಮಾನ್ಯರ ಕಾರುಗಳು ಧೂಳೆಬ್ಬಿಸಿಕೊಂಡು ಹೋದವು. ನಿಸರ್ಗ ಚಪ್ಪಲಿ ಬಿಟ್ಟು ಕೆಸರಿಗಿಳಿದು ಕಾಳಯ್ಯನ ಜೊತೆ ಸೀರೆ ಎಳೆದಳು. "ಜಾಲರಿ ಬೇಕು ಅಂತ ಬರೆದಿದ್ದೆ. ಅದು ಹೋದಾಗ ನಾನು ಜಗಳ ಮಾಡಬೇಕಿತ್ತು, ಮಾಡಲಿಲ್ಲ" ಎಂದಳು. ಆ ದಿನ ಊರಲ್ಲಿ ತಪ್ಪು ಒಪ್ಪಿಕೊಂಡವಳು ಅವಳೊಬ್ಬಳೇ. ಗಂಗೆಗೆ ಬಿಟ್ಟ ಸೀರೆಯನ್ನು ಗೌಡರ ಹೆಂಗಸರು ವಾಪಸ್ಸು ಮುಟ್ಟಲಿಲ್ಲ. ಹರಿಯದೆ ಉಳಿದ ಹದಿನಾಲ್ಕನ್ನು ಮರಿಯಮ್ಮ ಒಗೆದು ಕೇರಿಗೆಲ್ಲ ಹಂಚಿದಳು. ತಾನೂ ಒಂದನ್ನು ಉಟ್ಟು ಜಯಲಕ್ಷ್ಮಮ್ಮನವರ ಜಗಲಿಯ ಮುಂದೆಯೇ ಎರಡು ಸಲ ಹಾದುಹೋದಳು.

ಗಂಡನಿಗೆ ಮಾತ್ರ ಬೈದದ್ದೇ ಬೈದದ್ದು. "ಒಂದ್ ಗಳ್ಗೆ ಬಾಯ್ ಮುಚ್ಕಂಡಿದ್ರೆ ನಿನ್ ಗಂಟೇನ್ ಓಗ್ತಿತ್ತು? ಮಗು ಕೈಗ್ ಬಂದಿದ್ ಕಾಗ್ದ!" ಕಾಳಯ್ಯ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ನೇತ್ರಾವತಿ ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಆಪರೇಟರ್ ಕೆಲಸ ಅನಿಲ್‌ಕುಮಾರನ ಬಾಮೈದನಿಗೆ ಹೋದ ಸುದ್ದಿ ಬಂದ ದಿನ ಬಂದು ಪಕ್ಕದಲ್ಲಿ ಕೂತಳು. "ನಾನಾಗಿದ್ರೆ ಬಾಯ್ ಬುಡ್ತಿರ್ಲಿಲ್ಲ ಅಪ್ಪ. ವೈರ್ ನೋಡ್ದೆ, ಗೊತ್ತಾಯ್ತು, ಆದ್ರೂ ಸುಮ್ಕಿದ್ದೆ. ಕಾಗ್ದ ಬೇಕು ಅನ್ನುಸ್ಬುಡ್ತು" ಎಂದಳು.

ಕಾಳಯ್ಯ ಅವಳ ಮುಖ ನೋಡಿದ. "ಇದ್ನಾದ್ರೂ ಯೋಳ್ದಲ್ಲ ಮಗಾ, ಸಾಕ್ ಬುಡು" ಎಂದ.

ಬಾಮೈದನ ಪ್ರತಾಪ ಮೂರು ವಾರ ನಡೆಯಿತು. ಟೆಸ್ಟರಿನ ಯಾವ ತುದಿ ಹಿಡಿಯಬೇಕೆಂದು ತಿಳಿಯದ ಆ ಮಹಾಶಯ ದಿನವೂ ನಾಲೆಯ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಮೊಬೈಲು ನೋಡಿದ. ಜಾಲರಿ ಕೋಳಿ ಕಾಯುತ್ತಲೇ ಇತ್ತು. ನಾಲ್ಕನೆಯ ವಾರ ಅಂತರಗಂಗೆ ಬಳ್ಳಿ, ಹಳೆ ಗೊಬ್ಬರದ ಚೀಲ, ಯಾರದೋ ಹಾಸಿಗೆ ಎಲ್ಲ ಸೇರಿ ಯಂತ್ರದ ಕುತ್ತಿಗೆ ಬಿಗಿದವು. ಆ ವಾರವೇ ಯಂತ್ರ ನೋಡಲು ಹೊರದೇಶದಿಂದ ಜನ ಬರುವುದಿತ್ತು. ಬಾಮೈದ ಊರು ಬಿಟ್ಟ. ಅನಿಲ್‌ಕುಮಾರ್ ಸುತ್ತಲ ನಾಲ್ಕು ತಾಲ್ಲೂಕು ಹುಡುಕಿದ, ಮುಳುಗುವವನು ಒಬ್ಬನೂ ಸಿಗಲಿಲ್ಲ. ಕೊನೆಗೆ ಅವರಮ್ಮ ಬಂದು ನಿಂತಿದ್ದ ಬಾಗಿಲಿಗೇ ಬಂದು ನಿಂತ, ಜೊತೆಗೆ ನಿಸರ್ಗ.

"ಕಾಳಯ್ಯ, ಏನ್ ಮಾಡ್ಬೇಕು ಯೋಳಪ್ಪ" ಎಂದ.

"ಮೊದ್ಲು ಕೋಳಿ ಗೂಡಿಂದ ಜಾಲ್ರಿ ಬಿಚ್ಕಂಡ್ ಬನ್ನಿ. ಆಮ್ಯಾಕೆ, ನನ್ ಮಗ್ಳು ಆಪರೇಟ್ರು. ಕಾಗ್ದ ಈಗ್ಲೇ. ಗೇಟಿನ್ ಹ್ಯಾಂಡ್ಲು ಕೆಲ್ಸ ಮುಗಿಯೋಗಂಟ ಅವ್ಳ್ ಕೈಲಿರ್ಬೇಕು."

ನಿಸರ್ಗ ಕಾಗದವನ್ನು ಬ್ಯಾಗಿನಲ್ಲೇ ತಂದಿದ್ದಳು. ಅನಿಲ್‌ಕುಮಾರ್ ಬಗ್ಗಿ, ಕಾಳಯ್ಯನ ಮನೆಯ ಹೊಸ್ತಿಲ ಮೇಲಿಟ್ಟುಕೊಂಡು ಸಹಿ ಹಾಕಿದ. ಜಾಲರಿಯನ್ನೂ ತಾನೇ ಹೊತ್ತು ತಂದ, ಕೋಳಿ ಪುಕ್ಕ ಇನ್ನೂ ಅಂಟಿಕೊಂಡಿತ್ತು.

ಮಾರನೆಯ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಕಾಳಯ್ಯ ಸೈಕಲ್ ತೆಗೆಯುತ್ತಿದ್ದಾಗ ನೇತ್ರಾವತಿ ಗೇಟಿನ ಹ್ಯಾಂಡಲ್ ಹಿಡಿದುಕೊಂಡು ಬಂದು ಕೈಚಾಚಿದಳು.

"ಸೈಕಲ್ ಕೊಡಪ್ಪ, ನಾನ್ ಓಗ್ತೀನಿ. ಟವೆಲ್ಲೂ ಕೊಡು."

ಅವನು ಒಂದು ಕ್ಷಣ ನಿಂತ. ಹೆಗಲಿನಿಂದ ಟವೆಲ್ಲು ತೆಗೆದು ಅವಳ ಕೈಗಿಟ್ಟ. ಅವಳು ಏರಿಯ ತಿರುವಿನಲ್ಲಿ ಕಣ್ಮರೆಯಾದಳು. ನಾಲೆ ಮೆಲ್ಲಮೆಲ್ಲನೆ ಇಳಿಯಿತು, ಆದರೆ ಯಂತ್ರದ ಬಳಿ ಕಸ ಕಟ್ಟಿಕೊಂಡು ಎದೆಯುದ್ದ ನೀರು ಉಳಿಯಿತು. ಮೇಲಿನಿಂದ ಒಂದು ಗೇಣು ಬಂದರೂ ಸಾಕು, ಆ ಕಸದ ಸಮೇತ ಮನುಷ್ಯನನ್ನು ರೆಕ್ಕೆಗೆ ಒತ್ತುವಷ್ಟು ನೀರು.

ಫೋನು ಬಂತು. ಕಾಳಯ್ಯ ಕಿವಿಗಿಟ್ಟುಕೊಂಡ.

"ಅಪ್ಪ, ಗೇಟು ಆಕೈತೆ. ತಳದ್ ಗಂಟ ಕೂತೈತೆ, ಬಗ್ಗಿ ನೋಡ್ದೆ. ಟವೆಲ್ ಕಟ್ಟಿ ಪಕ್ಕದಲ್ಲೇ ಕೂತಿವ್ನಿ. ಇಳಿ."

ಅನಿಲ್‌ಕುಮಾರ್ ತನ್ನ ಬೈಕಿನ ಕೀಲಿ ಮುಂದೆ ಚಾಚಿದ. "ಓಗಿ ಒಂದ್ಸಲ ನೋಡ್ಕಂಡ್ ಬಾ ಕಾಳಯ್ಯ. ನೀನ್ ನೋಡ್ದೆ ಇಳಿಯಾಕಿಲ್ವಲ್ಲ."

"ನನ್ ಮಗ್ಳು ನೋಡವ್ಳೆ" ಎಂದು ಕಾಳಯ್ಯ ಫೋನನ್ನು ನಿಸರ್ಗಳ ಕೈಗೆ ಕೊಟ್ಟು, ಕುಡುಗೋಲು ಹಿಡಿದು ನೀರಿಗಿಳಿದ.